ಹನ್ನೊಂದನೆಯ ಕೇರಿ: ಹೆನೊಕೊ ಮತ್ತು ಸೇನಾ ನೆಲೆ

ವಿದೇಶಿ ಸೇನಾ ನೆಲೆಯಿಂದ ಊರಿಗೆ ಬಾಡಿಗೆಯೂ ಕೆಲಸವೂ ಸಿಗುವಾಗ ಜಪಾನಿನ ಒಕಿನಾವಾದ ಜನ ಅದನ್ನು ಏಕೆ ವಿರೋಧಿಸುತ್ತಾರೆ ಎಂದು ನೀವು ಕೇಳಿದ್ದೀರಿ. ಬಾಡಿಗೆ ಪಡೆಯುವವರೂ ವಿರೋಧಿಸುವವರೂ ಕೆಲವೊಮ್ಮೆ ಒಂದೇ ಮನೆಯವರಾಗಿರುತ್ತಾರೆ ಎಂಬಲ್ಲಿಂದ ಉತ್ತರ ಆರಂಭವಾಗಬೇಕು.

ನಾಗೊ ನಗರಕ್ಕೆ ಸೇರಿದ ಹೆನೊಕೊ ಎಂಬ ಕಡಲತೀರದ ಊರನ್ನು ನೋಡಿ. 1950ರ ದಶಕದಲ್ಲಿ ಅಮೆರಿಕದ ಸೇನೆ ಬೇರೆಡೆ ರೈತರ ಜಮೀನನ್ನು ಬಲವಂತವಾಗಿ ಕಿತ್ತುಕೊಂಡದ್ದನ್ನು ಕಂಡಿದ್ದ ಇಲ್ಲಿನವರು, ಹೇಗೂ ಕೈತಪ್ಪಲಿರುವ ಭೂಮಿಗೆ ಷರತ್ತುಗಳಾದರೂ ಇರಲಿ ಎಂದು ಒಪ್ಪಂದಕ್ಕೆ ಬಂದರು. ಕ್ಯಾಂಪ್ ಶ್ವಾಬ್ ಎಂಬ ಅಮೆರಿಕದ ಸೇನಾ ಶಿಬಿರ ಹಾಗೆ ತಲೆಯೆತ್ತಿತು. ವಿಯೆಟ್ನಾಂ ಯುದ್ಧಕಾಲದಲ್ಲಿ ಸೈನಿಕರಿಂದ ಗಿಜಿಗುಟ್ಟುತ್ತಿದ್ದ ಬಾರುಗಳ ಬೀದಿ ಅನಂತರ ಕಳೆಗುಂದಿತು. ಊರಿನಲ್ಲಿರುವುದು ಹತ್ತು ಕೇರಿಗಳು. ಶಿಬಿರವನ್ನು ಹನ್ನೊಂದನೆಯದೆಂದು ಎಣಿಸಿ, ದೋಣಿ ಸ್ಪರ್ಧೆಗೂ ಕ್ರೀಡಾಕೂಟಕ್ಕೂ ಸೈನಿಕರನ್ನು ಕರೆಯುವ ರೂಢಿಯಿದೆ. ಹೊರಗಿನಿಂದ ಬರುವ ಹೋರಾಟಗಾರರಿಗೆ ಈ ನೆರೆಹೊರೆತನ ಸುಲಭವಾಗಿ ಅರ್ಥವಾಗುವುದಿಲ್ಲ, ನನಗೂ ಮೊದಲಿಗೆ ಆಗಿರಲಿಲ್ಲ.

1995ರಲ್ಲಿ ಮೂವರು ಅಮೆರಿಕನ್ ಸೈನಿಕರು ಹನ್ನೆರಡು ವರ್ಷದ ಬಾಲಕಿಯನ್ನು ಅಪಹರಿಸಿ ಅತ್ಯಾಚಾರವೆಸಗಿದಾಗ ಇಡೀ ದ್ವೀಪ ಸಿಡಿದೆದ್ದಿತು. ಮರುವರ್ಷ ಒಕಿನಾವಾದಲ್ಲಿದ್ದ ಅಮೆರಿಕದ ಫುತೆನ್ಮಾ ವಾಯುನೆಲೆಯನ್ನು ಜಪಾನಿಗೆ ಮರಳಿಸಲು ಒಪ್ಪಿದ ಎರಡೂ ದೇಶಗಳ ಸರ್ಕಾರಗಳು, ಅದರ ಬದಲಿ ನೆಲೆಗೆಂದು ಆರಿಸಿದ್ದು ಹೆನೊಕೊದ ಕಡಲನ್ನು. 1997ರ ಜನಮತದಲ್ಲಿ ನಾಗೊದ ಬಹುಮತ ವಿರುದ್ಧವಾಗಿದ್ದರೂ, ಕೆಲವೇ ದಿನಗಳಲ್ಲಿ ಮೇಯರ್ ಯೋಜನೆಯನ್ನು ಒಪ್ಪಿ ರಾಜೀನಾಮೆ ನೀಡಿದರು. ಅಂದಿನಿಂದ ಪ್ರತಿ ಚುನಾವಣೆಯೂ ನೆಂಟರಿಷ್ಟರ ನಡುವೆ ಇದೇ ಪ್ರಶ್ನೆಯನ್ನು ಕೆದಕುತ್ತ ಬಂದಿದೆ. 2019ರಲ್ಲಿ ಇಡೀ ಒಕಿನಾವಾದ ಜನಮತದಲ್ಲಿ ಸುಮಾರು ಶೇ. 72ರಷ್ಟು ಮತಗಳು ವಿರುದ್ಧವಾಗಿ ಬಿದ್ದವು. ಅದಾಗಲೇ ಶುರುವಾಗಿದ್ದ ಕಡಲಿಗೆ ಮಣ್ಣು ಸುರಿಯುವ ಕೆಲಸ ಮಾತ್ರ ಮುಂದುವರಿಯಿತು.