ಸಿದ್ದಿಗಳ ರಕ್ತದಲ್ಲೇ ಓಟ ಇದೆಯಾ?

ನೀವು ಕೇಳಿದ್ದು ಇಷ್ಟು: "ಸಿದ್ದಿಗಳು ಆಫ್ರಿಕಾ ಮೂಲದವರು, ಓಟ ಅವರ ರಕ್ತದಲ್ಲೇ ಇದೆ. ಸರ್ಕಾರ ಮನಸ್ಸು ಮಾಡಿದ್ದರೆ ಯಾವತ್ತೋ ಒಲಿಂಪಿಕ್ ಚಿನ್ನ ಬರುತ್ತಿತ್ತು. ಕಂಬಳದ ಶ್ರೀನಿವಾಸ ಗೌಡರನ್ನೂ ಹೀಗೇ ಕೈಬಿಟ್ಟರು. ಈ ವರ್ಷ ನಮ್ಮ ಶಾಲೆಗೆ ಇಬ್ಬರು ಸಿದ್ದಿ ಮಕ್ಕಳು ಸೇರಿದ್ದಾರೆ, ಅವರನ್ನು ನೂರು ಮೀಟರ್‌ಗೆ ತಯಾರು ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?"

ನಾನು ಉತ್ತರ ಕನ್ನಡದ ಘಟ್ಟದ ಮೇಲಿನ ಹೈಸ್ಕೂಲುಗಳಲ್ಲಿ ಇಪ್ಪತ್ತೆಂಟು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ನಿಮ್ಮ ಹಾಗೇ ಯೋಚಿಸಿ ಒಬ್ಬ ಹುಡುಗನ ಮೂರು ವರ್ಷ ಹಾಳು ಮಾಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ಎಂಟನೇ ಕ್ಲಾಸಿಗೆ ಬಂದ ಸಿದ್ದಿ ಹುಡುಗ. ಉದ್ದ ಕಾಲು, ಗುಂಗುರು ಕೂದಲು. ಅವನು ಮೈದಾನಕ್ಕೆ ಬಂದ ಮೊದಲ ವಾರವೇ 100, 200 ಮತ್ತು ರಿಲೇ ಪಟ್ಟಿಯಲ್ಲಿ ಹೆಸರು ಬರೆದುಬಿಟ್ಟೆ. ಬೇರೆ ಮಕ್ಕಳನ್ನು ಎರಡು ಸಲ ಓಡಿಸಿ, ಸ್ಟಾಪ್‌ವಾಚ್ ನೋಡಿ ಆರಿಸುತ್ತಿದ್ದೆ. ಇವನನ್ನು ಹಾಗೆ ನೋಡುವ ಅಗತ್ಯವೇ ಕಾಣಲಿಲ್ಲ. ತಾಲ್ಲೂಕು ಕ್ರೀಡಾಕೂಟದಲ್ಲಿ ಐದನೆಯವನಾದ. ಮರುವರ್ಷ ನಾಲ್ಕನೆಯವ. ಪ್ರತಿ ಸಲವೂ ಸುಣ್ಣದ ಗೆರೆಯ ಪಕ್ಕ ನಿಂತ ಯಾರಾದರೊಬ್ಬರು "ಸಿದ್ದಿ ಹುಡುಗ ಇದ್ದೂ ಸೋತ್ರಾ?" ಎಂದು ನನ್ನನ್ನು ಕೇಳುತ್ತಿದ್ದರು. ಅವನಿಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲೇ. ಹತ್ತನೇ ಕ್ಲಾಸಿನ ಕೊನೆಗೆ, ಬಾಲ್‌ಗಳನ್ನು ಲೆಕ್ಕ ಮಾಡಿ ರೂಮಿನಲ್ಲಿ ಇಡುವಾಗ ಅಂದ: "ನಂಗೆ ವಾಲಿಬಾಲ್ ಬೇಕಿತ್ತು ಸರ್. ಲಿಫ್ಟರ್ ಆಗಬೇಕಿತ್ತು. ನೀವು ಕೇಳೇ ಇಲ್ಲ."

ನಿಜ, ನಾನು ಕೇಳಿರಲಿಲ್ಲ. ಆ ಒಂದು ಮಾತಿನಿಂದಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸರ್ಕಾರ ಮನಸ್ಸು ಮಾಡಲಿಲ್ಲ ಎನ್ನುವುದು ತಪ್ಪು. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಪೆಷಲ್ ಏರಿಯಾ ಗೇಮ್ಸ್ ಎಂಬ ಯೋಜನೆ ತಂದಿತು. ಯಾವ ಸಮುದಾಯ ಯಾವ ಆಟಕ್ಕೆ "ಸಹಜವಾಗಿ" ಒಗ್ಗುತ್ತದೆ ಎಂದು ಹುಡುಕಿ ಮಕ್ಕಳನ್ನು ಆರಿಸುವುದು ಅದರ ಒಂದು ದಾರಿ. ಕಾಡಿನ ಜನರಲ್ಲಿ ಬಿಲ್ಲುಗಾರರು ಸಿಗುತ್ತಾರೆಂದು ಹೋದರು. ರಾಜಸ್ಥಾನದ ಲಿಂಬಾ ರಾಮ್ ಸಿಕ್ಕರು, ಮೂರು ಒಲಿಂಪಿಕ್ಸ್‌ಗೆ ಹೋದರು. ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳಲ್ಲಿ ಓಟಗಾರರು ಸಿಗುತ್ತಾರೆಂದು ಇಲ್ಲಿಗೂ ಬಂದರು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನ ಮನೆಗಳಿಂದ ಮಕ್ಕಳನ್ನು ಹಾಸ್ಟೆಲ್‌ಗೆ ಕರೆದುಕೊಂಡು ಹೋದರು. ಹೊಟ್ಟೆ ತುಂಬ ಊಟ, ಕಾಲಿಗೆ ಶೂ, ಕೋಚ್ ಎಲ್ಲ ಸಿಕ್ಕಿತು. ಆ ಮಕ್ಕಳು ಗೆದ್ದರು ಕೂಡ. ಕಮಲಾ ಸಿದ್ದಿಯವರ ಹೆಸರು ಆ ಕಾಲದ ಅಥ್ಲೆಟಿಕ್ಸ್ ಬಲ್ಲವರಿಗೆ ಇವತ್ತೂ ನೆನಪಿದೆ. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿಯಾಯಿತು.

1993ರಲ್ಲಿ ಸಿದ್ದಿಗಳ ಆ ಕಾರ್ಯಕ್ರಮ ನಿಂತಿತು. ಶುರುವಾಗಿ ಆರೇ ವರ್ಷ. ಹತ್ತು ವರ್ಷದ ಮಗುವನ್ನು ಕರೆದುಕೊಂಡು ಹೋಗಿದ್ದರೆ ಅದಕ್ಕೆ ಹದಿನಾರು ತುಂಬಿರುತ್ತದೆ, ಓಟದ ಕಾಲಿಗೆ ಬಲ ಬರುವ ಹೊತ್ತು. ಆಗ ಊಟ ನಿಂತಿತು, ಶೂ ನಿಂತಿತು. ತಿರುಗಿ ಬಂದವರು ಗದ್ದೆ, ಕೂಲಿ, ಕಾಡಿನ ಕೆಲಸ ಎಂದು ಹೋದರು. ಓಡುವ ಶಕ್ತಿ ರಕ್ತದಲ್ಲೇ ಇದೆ ಎಂದು ನಂಬಿ ಕರೆದುಕೊಂಡು ಹೋದವರು, ರಕ್ತಕ್ಕೂ ಹತ್ತು ಹನ್ನೆರಡು ವರ್ಷ ಅನ್ನ ಹಾಕಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಪ್ರಕಾರ ಆ ನಂಬಿಕೆಯ ದೊಡ್ಡ ಕೆಡುಕು ಇದೇ. ಪ್ರತಿಭೆ ಹುಟ್ಟಿನಿಂದಲೇ ಬರುತ್ತದೆ ಎಂದುಕೊಂಡವರು ಖರ್ಚಿಗೆ ಹಿಂದೆ ಮುಂದೆ ನೋಡುತ್ತಾರೆ. ಪದಕ ತಡವಾದರೆ "ಇವರಲ್ಲೂ ಏನಿಲ್ಲ" ಎಂದು ಬಿಟ್ಟುಹೋಗುತ್ತಾರೆ.

ಇನ್ನು ರಕ್ತದ ಮಾತು. ಸಿದ್ದಿಗಳ ಪೂರ್ವಜರಲ್ಲಿ ಹೆಚ್ಚಿನವರು ಆಫ್ರಿಕಾದ ಪೂರ್ವ ಮತ್ತು ಆಗ್ನೇಯ ಭಾಗದಿಂದ, ಈಗಿನ ಮೊಜಾಂಬಿಕ್ ಸುತ್ತಮುತ್ತಲಿಂದ, ಗುಲಾಮರಾಗಿ ಬಂದವರು. ಬಹಳಷ್ಟು ಜನರನ್ನು ತಂದದ್ದು ಪೋರ್ಚುಗೀಸರು. ಟಿವಿಯಲ್ಲಿ ನೋಡುವ ನೂರು ಮೀಟರ್ ಚಾಂಪಿಯನ್ನರಲ್ಲಿ ಬಹುಪಾಲು ಜಮೈಕಾ, ಅಮೆರಿಕದವರು. ಅವರ ಮೂಲ ಮುಖ್ಯವಾಗಿ ಪಶ್ಚಿಮ ಆಫ್ರಿಕಾ. ಮ್ಯಾರಥಾನ್ ಗೆಲ್ಲುವವರು ಕೆನ್ಯಾ, ಇಥಿಯೋಪಿಯಾದ ಎತ್ತರದ ಪ್ರದೇಶದವರು. ಮೊಜಾಂಬಿಕ್‌ನ ಒಲಿಂಪಿಕ್ ಚಿನ್ನ ಯಾವುದು ಗೊತ್ತೇ? ಸಿಡ್ನಿ 2000ದಲ್ಲಿ ಮರಿಯಾ ಮುಟೋಲಾ 800 ಮೀಟರ್‌ನಲ್ಲಿ ಗೆದ್ದದ್ದು. ಅದಕ್ಕೆ ಮುಂಚೆ ಅಟ್ಲಾಂಟಾದಲ್ಲಿ ಕಂಚು ತಂದವರೂ ಅವರೇ. ಆಫ್ರಿಕಾ ಒಂದು ಖಂಡ, ಒಂದು ಊರಲ್ಲ. ಮನುಷ್ಯರ ವಂಶವಾಹಿಗಳಲ್ಲಿ ಅಲ್ಲಿರುವಷ್ಟು ವೈವಿಧ್ಯ ಬೇರೆ ಯಾವ ಖಂಡದಲ್ಲೂ ಇಲ್ಲ. ಅದರ ಮೇಲೆ ನಮ್ಮ ಸಿದ್ದಿಗಳು ನೂರಾರು ವರ್ಷದಿಂದ ಇಲ್ಲಿಯವರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಕೂದಲು ಮತ್ತು ಬಣ್ಣ ನೋಡಿ ಜಮೈಕಾದ ಓಟಗಾರ ಉಸೇನ್ ಬೋಲ್ಟ್‌ನನ್ನು ನೆನೆಯುವುದು ನಮ್ಮ ಕಣ್ಣಿನ ಅಭ್ಯಾಸ, ಆ ಮಗುವಿನ ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ದೇಹದ ರಚನೆಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಸ್ಪ್ರಿಂಟ್‌ನಲ್ಲಿ ಅದು ದೊಡ್ಡ ಮಾತೇ. ಆದರೆ ಅದನ್ನು ಒಂದೊಂದು ಮಗುವಿನಲ್ಲೂ ಅಳೆದು ನೋಡಬೇಕು, ಜಾತಿ ನೋಡಿ ಊಹಿಸಲಾಗದು.

ರಕ್ತ ಎಂದು ನಾವು ಕರೆಯುವುದರ ಹಿಂದೆ ಏನಿರುತ್ತದೆ ಎನ್ನುವುದಕ್ಕೆ ಕೊಡಗು ನೋಡಿ. "ಕೊಡವರಿಗೆ ಹಾಕಿ ಹುಟ್ಟಿನಿಂದಲೇ ಬರುತ್ತದೆ" ಎನ್ನುತ್ತಾರೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಕೊಡಗಿನವರ ಹೆಸರು ಹೇಳುತ್ತಾ ಹೋಗಬಹುದು. ಆದರೆ ಅಲ್ಲಿ ಊರೂರಿಗೆ ಮೈದಾನವಿದೆ. ಸೈನ್ಯದಲ್ಲಿ ಆಡಿ ನಿವೃತ್ತರಾದವರು ಮಕ್ಕಳ ಕೈಗೆ ಸ್ಟಿಕ್ ಕೊಡುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಈಗ ಮುನ್ನೂರು ದಾಟಿ ತಂಡಗಳು ಆಡುತ್ತವೆ, ಒಂದೇ ಮನೆತನದ ತಂಡದಲ್ಲಿ ಗಂಡಸರು, ಹೆಂಗಸರು, ವಯಸ್ಸಾದವರು ಎಲ್ಲ ಇರುತ್ತಾರೆ. ಹೀಗೆ ಸ್ಟಿಕ್ ಹಿಡಿದೇ ಬೆಳೆಯುವ ಮಗು ಚೆನ್ನಾಗಿ ಆಡದಿದ್ದರೆ ಆಶ್ಚರ್ಯಪಡಬೇಕು. ಸಿದ್ದಿ ಮಗುವಿಗೆ ಇಂಥದ್ದೊಂದು ಊರನ್ನು ನಾವು ಯಾವತ್ತಾದರೂ ಕಟ್ಟಿಕೊಟ್ಟಿದ್ದೇವೆಯೇ?

ಈಗ ಶ್ರೀನಿವಾಸ ಗೌಡರ ವಿಷಯ. ಅವರನ್ನು ಯಾರೂ ಕೈಬಿಡಲಿಲ್ಲ. ಬರುವುದಿಲ್ಲ ಎಂದವರು ಅವರೇ.

2020ರ ಫೆಬ್ರುವರಿ ಒಂದರಂದು ಐಕಳ ಕಂಬಳದಲ್ಲಿ ಮೂಡಬಿದಿರೆ ಬಳಿಯ ಅಶ್ವತ್ಥಪುರದ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ಓಟದ ದಾರಿ) 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರ್‌ಗೆ ಭಾಗಿಸಿ 9.55 ಮಾಡಿದರು. ಬರ್ಲಿನ್‌ನಲ್ಲಿ ಬೋಲ್ಟ್ ಮಾಡಿದ ವಿಶ್ವದಾಖಲೆ 9.58. ಅಲ್ಲಿಗೆ ಮುಗಿಯಿತು, ಎರಡೇ ವಾರದಲ್ಲಿ ದೇಶವೆಲ್ಲ "ಭಾರತದ ಬೋಲ್ಟ್" ಎಂದಿತು. ಉದ್ಯಮಿಗಳು ಟ್ವೀಟ್ ಮಾಡಿದರು, ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್‌ಗೆ ಕರೆಸುವುದಾಗಿ ಹೇಳಿದರು. ಮುಖ್ಯಮಂತ್ರಿ ಯಡಿಯೂರಪ್ಪ ಕರೆಸಿ ಮೂರು ಲಕ್ಷ ರೂಪಾಯಿ ಕೊಟ್ಟರು. ಅದೇ ತಿಂಗಳು ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅವರ ಓಟವನ್ನು ಭಾಗಿಸಿ 9.51 ಎಂದರು.

ಈ ಭಾಗಾಕಾರವೇ ತಪ್ಪು. ನಿಂತಲ್ಲಿಂದ ವೇಗ ಹಿಡಿಯುವುದಕ್ಕೇ ಹೆಚ್ಚು ಸಮಯ ಹೋಗುತ್ತದೆ, ಆಮೇಲಿನ ಮೀಟರ್‌ಗಳು ಬೇಗ ಬೇಗ ಕಳೆಯುತ್ತವೆ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬೋಲ್ಟ್ 150 ಮೀಟರ್ ಓಡಿದರು, 14.35 ಸೆಕೆಂಡ್. ಅದನ್ನು ನೂರಕ್ಕೆ ಭಾಗಿಸಿದರೆ 9.57 ಬರುತ್ತದೆ. ಆದರೆ ಅವತ್ತು ಅವರ ಕೊನೆಯ ನೂರು ಮೀಟರ್ 8.70. ಹಾಗಾದರೂ ಗೌಡರ ಸರಾಸರಿ ವೇಗ ಬೋಲ್ಟ್‌ನ ಪಕ್ಕಕ್ಕೇ ಬಂತಲ್ಲ ಎನ್ನಬಹುದು. ಮುಂದೆ ಎರಡು ಕೋಣಗಳು ಎಳೆಯುತ್ತಿವೆ ಸ್ವಾಮಿ. ಅವುಗಳ ವೇಗಕ್ಕೆ ಕಾಲು ಕೊಡುವುದು, ಕೆಸರಿನಲ್ಲಿ ಬೀಳದೆ ಕೊನೆಯವರೆಗೆ ನಿಲ್ಲುವುದು, ಅದೇ ಆ ವಿದ್ಯೆ. ಅದೇನು ಸಣ್ಣದಲ್ಲ. ಆದರೆ ಅದು ಬೇರೆ ವಿದ್ಯೆ. ಆಗ ನಮ್ಮ ದೇಶದ ನೂರು ಮೀಟರ್ ದಾಖಲೆ 10.26 ಇತ್ತು, ಅಷ್ಟಕ್ಕೇ ನಮ್ಮ ಹುಡುಗರು ಪ್ರಾಣ ಒತ್ತೆಯಿಟ್ಟು ಓಡುತ್ತಿದ್ದರು.

ಗೌಡರು ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದ್ದರು: ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕ್‌ನಲ್ಲಿ ಮುಂಗಾಲಿನಲ್ಲಿ ಓಡಬೇಕು, ಎರಡೂ ಬೇರೆ. ಕೋಣಗಳಿಗೂ ಇದರಲ್ಲಿ ಪಾಲಿದೆ ಎಂದರು. ಟ್ರಯಲ್ ಒಪ್ಪಲಿಲ್ಲ. ಅದಕ್ಕೆ ಆರು ತಿಂಗಳ ಹಿಂದೆ ಮಧ್ಯಪ್ರದೇಶದ ಒಬ್ಬ ಹುಡುಗ ಬರಿಗಾಲಲ್ಲಿ ಹನ್ನೊಂದು ಸೆಕೆಂಡಿಗೆ ನೂರು ಮೀಟರ್ ಓಡುತ್ತಾನೆಂಬ ವಿಡಿಯೋ ಹೀಗೇ ಹರಡಿತ್ತು. ಅವನನ್ನು ಭೋಪಾಲಿಗೆ ಕರೆಸಿ ಟ್ರ್ಯಾಕ್‌ನಲ್ಲಿ ಓಡಿಸಿದರು. ಎಲ್ಲರಿಗಿಂತ ಹಿಂದೆ ಬಿದ್ದ. ಆ ಹುಡುಗನ ಮುಖ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ತನ್ನ ವಿದ್ಯೆ ಏನೆಂದು ಗೊತ್ತಿದ್ದ ಗೌಡರು ಆ ಅವಮಾನದಿಂದ ತಪ್ಪಿಸಿಕೊಂಡರು. ಅವರ "ಇಲ್ಲ" ಎಂಬ ಮಾತನ್ನು ಅನೇಕರು ಹಳ್ಳಿಯವನ ಅಂಜಿಕೆ ಎಂದುಕೊಂಡರು. ನಾನು ಹಾಗೆ ತಿಳಿಯುವುದಿಲ್ಲ. ಆ ಗದ್ದಲದಲ್ಲಿ ಓಟ ಬಲ್ಲವರ ಹಾಗೆ ಮಾತಾಡಿದ್ದು ಅವರೊಬ್ಬರೇ.

ಹಣದ ವಿಷಯಕ್ಕೆ ಬಂದರೆ, ಅದು ಕ್ಯಾಮೆರಾ ಇರುವಲ್ಲಿಗೆ ಹೋಗುತ್ತದೆ. ಮೊದಲು ಯಾವುದನ್ನು ತೋರಿಸಬೇಕೆಂದು ಹಣವೇ ತೀರ್ಮಾನಿಸುತ್ತದೆ, ಆಮೇಲೆ "ಜನ ಇದನ್ನೇ ನೋಡುತ್ತಾರೆ" ಎನ್ನುತ್ತದೆ. ಐಪಿಎಲ್ 2008ರಲ್ಲಿ ಶುರುವಾಯಿತು, ಹೆಣ್ಣುಮಕ್ಕಳ ಡಬ್ಲ್ಯುಪಿಎಲ್‌ಗೆ 2023ರವರೆಗೆ ಕಾಯಬೇಕಾಯಿತು. ಹದಿನೈದು ವರ್ಷ ಕೇಳಿದ್ದು ಒಂದೇ ಮಾತು, ಹೆಂಗಸರ ಕ್ರಿಕೆಟ್ ಯಾರು ನೋಡ್ತಾರೆ ಎಂದು. ಐದು ವರ್ಷಗಳ ಪ್ರಸಾರ ಹಕ್ಕಿಗೆ ಐಪಿಎಲ್‌ಗೆ 48,390 ಕೋಟಿ, ಡಬ್ಲ್ಯುಪಿಎಲ್‌ಗೆ 951 ಕೋಟಿ. ನಮ್ಮ ಆರ್‌ಸಿಬಿಗೆ ಮೊದಲ ಕಪ್ ತಂದವರು ಮಾತ್ರ 2024ರಲ್ಲಿ ಆ ಹೆಣ್ಣುಮಕ್ಕಳೇ, ಗಂಡಸರು ಅದರ ಮುಂದಿನ ವರ್ಷ ಗೆದ್ದರು. ಹಣ ಮತ್ತು ಹಳೆಯ ನಂಬಿಕೆ ಒಂದರ ಹೆಗಲ ಮೇಲೆ ಒಂದು ಕೈಹಾಕಿ ನಡೆಯುತ್ತವೆ. ಗೆದ್ದ ಮೇಲೂ ಆ ನಂಬಿಕೆ ಬಿಡುವುದಿಲ್ಲ. 2016ರಲ್ಲಿ ಪಿ.ವಿ. ಸಿಂಧು ರಿಯೋದಲ್ಲಿ ಬೆಳ್ಳಿ ಗೆದ್ದಾಗ ಗೂಗಲ್‌ನಲ್ಲಿ ಜನ ಮುಗಿಬಿದ್ದು ಹುಡುಕಿದ್ದು ಆಕೆಯ ಜಾತಿ ಯಾವುದೆಂದು. ಇದೂ ರಕ್ತದ ಹುಡುಕಾಟವೇ. ಅಪ್ಪ ಅಮ್ಮ ಇಬ್ಬರೂ ವಾಲಿಬಾಲ್ ಆಟಗಾರರು, ಬೆಳಗಿನ ಜಾವ ಮಗಳನ್ನು ಅಕಾಡೆಮಿಗೆ ಕರೆದೊಯ್ಯುತ್ತಿದ್ದರು ಎನ್ನುವುದರಲ್ಲಿ ಅಷ್ಟು ಜನರಿಗೆ ಆಸಕ್ತಿ ಇರಲಿಲ್ಲ.

ಹಣ ಸರಿಯಾದ ಕಡೆ, ಸಾಕಷ್ಟು ಕಾಲ ನಿಂತರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಛತ್ತೀಸಗಢದ ಆದಿವಾಸಿ ಹುಡುಗ ಅನಿಮೇಷ್ ಕುಜೂರ್ 2025ರಲ್ಲಿ ದೇಶದ ನೂರು ಮೀಟರ್ ದಾಖಲೆಯನ್ನು 10.18ಕ್ಕೆ ಇಳಿಸಿದ. ಅವನ ಹಿಂದೆ ಭುವನೇಶ್ವರದ ಒಂದು ಕೇಂದ್ರ, ಪೂರ್ಣಾವಧಿ ಕೋಚ್, ಊಟ, ಫಿಸಿಯೋ ಎಲ್ಲ ಇದೆ. ಮುಂಡಗೋಡಿನ ಕಡೆಯೂ ಇತ್ತೀಚಿನ ವರ್ಷಗಳಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಸಿದ್ದಿ ಮಕ್ಕಳಿಗೆ ತರಬೇತಿ ಕೊಡುತ್ತಿದೆ. ಅದು ಆರು ವರ್ಷಕ್ಕೆ ನಿಲ್ಲದಿರಲಿ ಎಂದು ಮನಸಾರೆ ಬಯಸುತ್ತೇನೆ.

ನಿಮ್ಮ ಇಬ್ಬರು ಮಕ್ಕಳ ವಿಷಯ. ಮೊದಲ ಎರಡು ತಿಂಗಳು ಅವರನ್ನು ಯಾವ ಪಟ್ಟಿಗೂ ಸೇರಿಸಬೇಡಿ. ಎಲ್ಲ ಮಕ್ಕಳ ಜೊತೆ ಖೋ ಖೋ, ವಾಲಿಬಾಲ್, ಕಬಡ್ಡಿ, ಚೆಸ್, ಗುಂಡು ಎಸೆತ, ಎಲ್ಲ ಆಡಲಿ. ಬೆಳಿಗ್ಗೆ ಏನು ತಿಂದು ಬಂದಿದ್ದಾರೆಂದು ವಿಚಾರಿಸಿ. ಖಾಲಿ ಹೊಟ್ಟೆಯಲ್ಲಿ ಯಾರನ್ನೂ ಓಡಿಸಬೇಡಿ. ಮನೆಗೆ ಒಂದು ಸಲ ಹೋಗಿ ಬನ್ನಿ, ಶಾಲೆಗೆ ಎಷ್ಟು ದೂರ ನಡೆಯುತ್ತಾರೆಂದು ನೋಡಿ. ಓಟವೇ ಇಷ್ಟ ಎಂದರೆ, ಸ್ಟಾಪ್‌ವಾಚ್ ಕೂಡ ಹೌದು ಎಂದರೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳ ಆಯ್ಕೆಗೆ ಕರೆದುಕೊಂಡು ಹೋಗಿ. ಜಿಲ್ಲಾ ಕಚೇರಿಯಲ್ಲಿ ದಿನಾಂಕ ಹೇಳುತ್ತಾರೆ. ಸೋತು ಬಂದ ದಿನ ಅವರ ಎದುರಿಗೆ ಯಾರೂ ಜಾತಿ ಎತ್ತದ ಹಾಗೆ ನೋಡಿಕೊಳ್ಳಿ, ಇದು ನಿಮ್ಮಿಂದಲೇ ಆಗಬೇಕಾದ ಕೆಲಸ.

ಇಷ್ಟಕ್ಕೂ ಮೊದಲು, ನಾಳೆ ಶಾಲೆಗೆ ಹೋದ ಕೂಡಲೇ, ಇಬ್ಬರನ್ನೂ ಪಕ್ಕಕ್ಕೆ ಕರೆದು ಯಾವ ಆಟ ಇಷ್ಟ ಎಂದು ಕೇಳಿ.