ಖಾತೆ ನಂಬರ್ ಬದಲಾಗಿದೆ ಅಂತ ಮೇಲ್ ಹೋದರೆ

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಹೊರರಾಜ್ಯದ ಮಸಾಲೆ ಕಂಪನಿಯೊಂದಕ್ಕೆ ನಮ್ಮದೇ ಇಮೇಲ್‌ನಿಂದ 'ಬ್ಯಾಂಕ್ ಖಾತೆ ಬದಲಾಗಿದೆ, ರೊಕ್ಕ ಇದಕ್ಕೆ ಹಾಕಿ' ಅಂತ ಹೋಗಿದೆ. ನಾವು ಕಳಿಸಿಲ್ಲ. ಅವರ ಅಕೌಂಟೆಂಟ್ ಫೋನ್ ಮಾಡಿ ಕೇಳಿದ್ದಕ್ಕೆ ರೊಕ್ಕ ಉಳಿಯಿತು. ಪಾಸ್‌ವರ್ಡ್ ಬದಲಿಸಿದ್ದೇವೆ. ಇನ್ನು ಭಯ ಇಲ್ಲ ಅಲ್ವಾ?

ಉತ್ತರ: ಇದೆ. ದಯವಿಟ್ಟು ಇವತ್ತೇ ಇನ್ನಷ್ಟು ನೋಡಿ. ಇಂಥ ಕಳ್ಳರು ಮೇಲ್‌ಗೆ ನುಗ್ಗಿದ ಕೂಡಲೇ ಕೈ ಹಾಕುವುದಿಲ್ಲ. ಸುಮ್ನೆ ಕೂತು ಓದುತ್ತಾರೆ. ಯಾರಿಂದ ಎಷ್ಟು ಬಾಕಿ, ಬಿಲ್ ಹೇಗಿರುತ್ತದೆ, ನೀವು ಹೇಗೆ ಬರೆಯುತ್ತೀರಿ ಎಲ್ಲ ತಿಳಿದುಕೊಂಡು, ದೊಡ್ಡ ಮೊತ್ತ ಬರುವ ಹೊತ್ತಿಗೆ ನಿಮ್ಮದೇ ಬಿಲ್ಲಿನಲ್ಲಿ ಖಾತೆ ನಂಬರ್, ಐಎಫ್‌ಎಸ್‌ಸಿ ಮಾತ್ರ ಬದಲಿಸುತ್ತಾರೆ. ಮೊದಲು ತಪ್ಪು ಇಂಗ್ಲಿಷ್ ನೋಡಿ ಅನುಮಾನ ಬರುತ್ತಿತ್ತು. ಈಗ ಎಐ ಅದನ್ನೂ ತಿದ್ದಿ ಕೊಡುತ್ತದೆ.

ಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ತೆರೆಯಿರಿ. ಅಲ್ಲಿ ಗೊತ್ತಿಲ್ಲದ ವಿಳಾಸ ಇದ್ದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಪತ್ರಗಳು ಕಳ್ಳನಿಗೆ ಹೋಗುತ್ತಲೇ ಇರುತ್ತವೆ, ತುಂಬಾ ಜನ ನೋಡದೆ ಬಿಡುವುದು ಇದನ್ನೇ. ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ, ರಿಕವರಿ ನಂಬರ್ ನಿಮ್ಮದೇನಾ ನೋಡಿ, ಟು-ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತ್ರಿಯನ್ನೂ ಕೇಳುವ ವ್ಯವಸ್ಥೆ) ಹಾಕಿ. ಆ ಕಂಪನಿಯಿಂದ ಮೂಲ ಮೇಲ್ ತರಿಸಿ. ಒಂದಕ್ಷರ ಮಾತ್ರ ಬೇರೆ ಇರುವ ವಿಳಾಸದಿಂದಲೂ ಬಂದಿರಬಹುದು.

ಆ ಅಕೌಂಟೆಂಟ್ ಮಾಡಿದ್ದನ್ನೇ ನಿಮ್ಮ ಅಂಗಡಿಯ ನಿಯಮ ಮಾಡಿ. ಖಾತೆ ಬದಲಾಯಿತು ಅಂದರೆ ಹಳೇ ಪುಸ್ತಕದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಬೇಕು. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ಅವರೇ ಫೋನ್ ಮಾಡಿದರೂ ಸಾಲದು, ಈಗ ಪರಿಚಯದವರ ದನಿಯನ್ನೇ ನಕಲು ಮಾಡುತ್ತಾರೆ.

ಇನ್ನೊಂದು ಮಾತು. ಪೇಟೆಯಲ್ಲಿ ಹೆಸರು ಕೆಡುತ್ತದೆ ಅಂತ ಮುಚ್ಚಿಡಬೇಡಿ. ನಿಮ್ಮ ಮೇಲ್‌ನಲ್ಲಿ ಬೇರೆ ವರ್ತಕರ, ಖರೀದಿದಾರರ ವಿಳಾಸಗಳೂ ಇದ್ದವು, ಕಳ್ಳ ಅವನ್ನೂ ಓದಿರಬಹುದು. ಅವರಿಗೆಲ್ಲ ಹೇಳಿ.

ಯಾರದಾದರೂ ರೊಕ್ಕ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಯುಟಿಆರ್ ನಂಬರ್ (ಆ ರೊಕ್ಕ ವರ್ಗಾವಣೆಯ ಗುರುತಿನ ಸಂಖ್ಯೆ) ಕೊಡಿ, ಬ್ಯಾಂಕಿಗೂ ತಿಳಿಸಿ. ರೊಕ್ಕ ಖಾತೆಯಿಂದ ಖಾತೆಗೆ ಬೇಗ ಓಡುತ್ತದೆ. ಎಲ್ಲಾದರೂ ನಿಂತಿದ್ದರೆ ಅಲ್ಲೇ ತಡೆಯಬಹುದು. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ.

ಪ್ರಶ್ನೆ: ಗದಗದಲ್ಲಿ ನಮ್ಮ ಪ್ರೆಸ್ ಇದೆ. ಕಂಪ್ಯೂಟರಿನ ಫೈಲುಗಳೆಲ್ಲ ಲಾಕ್ ಆಗಿ, ದುಡ್ಡು ಕೊಡಿ ಅಂತ ಬರುತ್ತಿದೆ. ಬ್ಯಾಕಪ್ ಡಿಸ್ಕ್ ಕೂಡ ಲಾಕ್! ಕೊಟ್ಟುಬಿಡಲಾ?

ಉತ್ತರ: ಕೊಡಬೇಡಿ. ಕೊಟ್ಟರೂ ಫೈಲ್ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಮೊದಲು ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಫಾರ್ಮ್ಯಾಟ್ ಮಾಡಬೇಡಿ, ಪೊಲೀಸರಿಗೆ ಸಾಕ್ಷಿ ಬೇಕು. 'ನೋ ಮೋರ್ ರಾನ್ಸಮ್' ಅನ್ನುವ ತಾಣ ಇದೆ. ಯುರೋಪಿನ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಸೈಬರ್ ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬಗೆಯ ಲಾಕಿಗೆ ಅಲ್ಲಿ ಪುಕ್ಕಟೆ ಕೀಲಿ ಸಿಗುತ್ತದೆ.

ಡಿಸ್ಕ್ ಸದಾ ಚುಚ್ಚಿಕೊಂಡೇ ಇತ್ತು ಅನಿಸುತ್ತದೆ. ಹಾಗಿದ್ದರೆ ಅದೂ ಲಾಕ್ ಆಗುತ್ತದೆ. ಎರಡು ಡಿಸ್ಕ್ ಇಡಿ, ಕಾಪಿ ಆದ ಮೇಲೆ ಕಿತ್ತು ಒಂದನ್ನು ಮನೆಯಲ್ಲಿಡಿ. ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಕಳ್ಳದಾರಿಯಲ್ಲಿ ಹಾಕಿಕೊಂಡ ಡಿಸೈನ್ ಸಾಫ್ಟ್‌ವೇರ್ ಇದ್ದರೆ ತೆಗೆಯಿರಿ. ಅಪ್‌ಡೇಟ್ ತಳ್ಳಬೇಡಿ. 2017ರ ಮೇ ತಿಂಗಳಲ್ಲಿ ಇದೇ ಥರ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವಾನ್ನಾಕ್ರೈ ಜಗತ್ತಿನಾದ್ಯಂತ ಹಬ್ಬಿದಾಗ, ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ರಿಪೇರಿ ಕೊಟ್ಟಿತ್ತು. ಹಾಕಿಕೊಳ್ಳದವರೇ ಜಾಸ್ತಿ ಸಿಕ್ಕಿಬಿದ್ದರು.