ಬಿಳಿ ಪರದೆ ಹಳದಿಯಾಗುವುದು ಯಾಕೆ?

ಪ್ರಶ್ನೆ: ನನ್ನ ಓಎಲ್‌ಇಡಿ ಫೋನಿಗೆ ಮೂರು ವರ್ಷ ಆಯ್ತು. ಬಿಳಿ ಪುಟ ತೆರೆದರೆ ಕೆಳಗಡೆ ಕೀಬೋರ್ಡಿನ ನೆರಳು ಕಾಣುತ್ತದೆ, ಬಿಳಿ ಬಣ್ಣವೂ ಸ್ವಲ್ಪ ಹಳದಿ ಹಳದಿ. ಹಳೇ ಎಲ್‌ಸಿಡಿ ಫೋನಿನಲ್ಲಿ ಈ ಕಾಟ ಇರಲಿಲ್ಲ.

ಉತ್ತರ: ಎಲ್‌ಸಿಡಿಯಲ್ಲಿ ಹಿಂದಿನ ದೀಪ ಇಡೀ ಪರದೆಗೆ ಒಂದೇ, ಸವೆದರೂ ಎಲ್ಲ ಕಡೆ ಒಟ್ಟಿಗೆ ಸವೆಯುತ್ತದೆ, ನಮ್ಮ ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಒಂದು ದೀಪ. ಜಾಸ್ತಿ ಉರಿದದ್ದು ಬೇಗ ಮಂಕಾಗುತ್ತದೆ. ನೀವು ನೋಡುತ್ತಿರುವ ನೆರಳು ಪರದೆಗೆ ಏನೋ ಅಂಟಿಕೊಂಡದ್ದಲ್ಲ. ಆ ಜಾಗದಲ್ಲಿ ಬೆಳಕು ಕೊಡುವ ಅಣುಗಳು ಅಕ್ಕಪಕ್ಕಕ್ಕಿಂತ ಹೆಚ್ಚು ಸತ್ತಿವೆ, ಅಷ್ಟೇ.

ಮೊದಲು ಸಾಯುವುದು ನೀಲಿ. ಬಿಳಿಯಿಂದ ನೀಲಿ ಕಳೆದರೆ ಉಳಿಯುವುದು ಹಳದಿ ತಾನೆ?

ನೀಲಿಗೇ ಯಾಕೆ ಈ ಗತಿ ಅಂದರೆ, ಅದು ಹೊರುವ ಹೊರೆ ದೊಡ್ಡದು. 450 ನ್ಯಾನೋಮೀಟರ್‌ನ ನೀಲಿ ಬೆಳಕಿನ ಒಂದು ಕಣಕ್ಕೆ ಸುಮಾರು 2.75 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಈ ಅಣುಗಳಲ್ಲಿ ಕಾರ್ಬನ್ ಮತ್ತು ನೈಟ್ರೋಜನ್ ನಡುವಿನ ಬಂಧ ಮುರಿಯಲು ಬೇಕಾದದ್ದು ಹೆಚ್ಚುಕಡಿಮೆ 3ರ ಆಸುಪಾಸು. ಅಂಚಿನಲ್ಲೇ ನಿಂತ ಹಾಗೆ. ಆದರೂ ಒಂಟಿಯಾಗಿದ್ದಾಗ ದೊಡ್ಡ ಅಪಾಯವಿಲ್ಲ. ಶಕ್ತಿ ತುಂಬಿಕೊಂಡ ಅಣು ತನ್ನ ಹಾಗೇ ತುಂಬಿಕೊಂಡ ಇನ್ನೊಂದಕ್ಕೋ, ಅಲ್ಲೇ ಓಡಾಡುವ ಚಾರ್ಜಿಗೋ ಸಿಕ್ಕಿಬಿದ್ದರೆ ಎರಡರ ಶಕ್ತಿ ಒಂದರ ತಲೆಗೇ ಬೀಳುತ್ತದೆ, ಆಗ ಬಂಧ ಪಟ್ ಅಂತ ಮುರಿಯುತ್ತದೆ. ಇನ್ನೂ ಬೇಜಾರಿನ ವಿಷಯ ಅಂದರೆ, ಮುರಿದ ಚೂರು ಸುಮ್ನೆ ಬಿದ್ದಿರುವುದಿಲ್ಲ, ಪಕ್ಕದ ಒಳ್ಳೇ ಅಣುಗಳ ಶಕ್ತಿಯನ್ನೂ ನುಂಗುತ್ತದೆ.

ಪ್ರಶ್ನೆ: ಓಎಲ್‌ಇಡಿಯಲ್ಲಿ ಶೇ. 100 ದಕ್ಷತೆ ಎಂದೋ ಸಾಧಿಸಿದ್ದಾರೆ ಎಂದು ಓದಿದೆ. ಹಾಗಾದರೆ ನೀಲಿಯಲ್ಲಿ ಏನು ಅಡ್ಡಿ?

ಉತ್ತರ: ಓದಿದ್ದು ನಿಜ, ಆದರೆ ಅದು ಅಣುಗಳೊಳಗೆ ಎಷ್ಟು ಬೆಳಕು ಹುಟ್ಟುತ್ತದೆ ಎಂಬ ಲೆಕ್ಕ, ಪರದೆಯಿಂದ ಎಷ್ಟು ಹೊರಗೆ ಬರುತ್ತದೆ ಎಂಬುದಲ್ಲ.

1987ರಲ್ಲಿ ಕೊಡಾಕ್‌ನ ಟಾಂಗ್ ಮತ್ತು ವ್ಯಾನ್‌ಸ್ಲೈಕ್ ತೆಳು ಸಾವಯವ ಪದರಗಳಿಂದ ಬೆಳಕು ತೆಗೆದಾಗ ಹೊರಗೆ ಬಂದದ್ದು ಶೇ. 1ರಷ್ಟು ಮಾತ್ರ. ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಖಾಲಿ ಬಿಟ್ಟ ಜಾಗ) ಕೂಡಿದಾಗ ಅಣು ಶಕ್ತಿ ತುಂಬಿಕೊಳ್ಳುತ್ತದೆ, ಆ ಸ್ಥಿತಿಯಲ್ಲಿ ಎರಡು ಬಗೆ: ನಾಲ್ಕರಲ್ಲಿ ಒಂದು ಸಲ ಸಿಂಗ್ಲೆಟ್, ಮೂರು ಸಲ ಟ್ರಿಪ್ಲೆಟ್. ಸಾಮಾನ್ಯ ಅಣುವಿಗೆ ಬೆಳಕಾಗುವುದು ಸಿಂಗ್ಲೆಟ್ ಮಾತ್ರ. ಮುಕ್ಕಾಲು ಪಾಲು ಶಕ್ತಿ ಬಿಸಿಯಾಗಿ ದಂಡ! 1998ರ ಹೊತ್ತಿಗೆ ಫಾರೆಸ್ಟ್ ಮತ್ತು ಥಾಂಪ್ಸನ್ ತಂಡ ಪ್ಲಾಟಿನಂ, ಆಮೇಲೆ ಇರಿಡಿಯಂನಂಥ ಭಾರದ ಲೋಹವನ್ನು ಅಣುವಿನ ನಡುವೆ ಕೂರಿಸಿ ಟ್ರಿಪ್ಲೆಟ್‌ನಿಂದಲೂ ಬೆಳಕು ತೆಗೆಯಿತು. ಕೆಂಪು, ಹಸಿರಿಗೆ ಇದು ವರ.

ನೀಲಿಗೆ ಮಾತ್ರ ಕೈಕೊಟ್ಟಿತು. ಸಿಂಗ್ಲೆಟ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ಬೆಳಕಾಗಿ ಕೈತೊಳೆದುಕೊಳ್ಳುತ್ತದೆ. ಲೋಹ ಸೇರಿಸಿದ ಮೇಲೂ ಟ್ರಿಪ್ಲೆಟ್‌ಗೆ ಬೇಕಾಗುವುದು ಮೈಕ್ರೋಸೆಕೆಂಡಿನ ಲೆಕ್ಕ, ಅಂದರೆ ಸುಮಾರು ಸಾವಿರ ಪಟ್ಟು ಕಾಯಬೇಕು, ಆ ಕಾಯುವ ಹೊತ್ತಿನಲ್ಲೇ ಮೇಲೆ ಹೇಳಿದ ಡಿಕ್ಕಿಗಳು ಆಗುವುದು. ಹಾಗಾಗಿ ಕೆಂಪು, ಹಸಿರು ಹೊಸ ದಾರಿ ಹಿಡಿದ ಮೇಲೂ ಫೋನುಗಳಲ್ಲಿ ನೀಲಿ ಬಹಳ ವರ್ಷ ಸಿಂಗ್ಲೆಟ್ ಮಾತ್ರ ಬೆಳಗುವ ಹಳೇ ದಾರಿಯಲ್ಲೇ ಉಳಿಯಿತು.

2012ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಅಡಾಚಿ ತಂಡ ಲೋಹವೇ ಬೇಡ ಎಂದಿತು. ಅಣುವಿನ ಒಂದು ಭಾಗ ಎಲೆಕ್ಟ್ರಾನ್ ಕೊಡುವಂಥದ್ದು, ಇನ್ನೊಂದು ಎಳೆದುಕೊಳ್ಳುವಂಥದ್ದು. ಎರಡನ್ನೂ ಒಂದಕ್ಕೊಂದು ತಿರುಚಿ ಜೋಡಿಸಿದರೆ ಸಿಂಗ್ಲೆಟ್-ಟ್ರಿಪ್ಲೆಟ್ ನಡುವಿನ ಅಂತರ ಎಷ್ಟು ತಗ್ಗುತ್ತದೆ ಎಂದರೆ, ಕೋಣೆಯ ಬಿಸಿಯೇ ಟ್ರಿಪ್ಲೆಟ್ ಅನ್ನು ಮೇಲಿನ ಸಿಂಗ್ಲೆಟ್ ಮಟ್ಟಕ್ಕೆ ಎತ್ತಿಬಿಡುತ್ತದೆ. ಇದೂ ನಿಧಾನವೇ, ಅಲ್ವಾ? ಅದಕ್ಕೇ ಈ ಅಣುವನ್ನು ಬರೀ ಶಕ್ತಿ ಸಂಗ್ರಹಿಸುವ ಕೆಲಸಕ್ಕೆ ಇಟ್ಟು, ಬೆಳಕು ಬೀರುವ ಕೆಲಸವನ್ನು ಪಕ್ಕದ ಚುರುಕು ಅಣುವಿಗೆ ದಾಟಿಸುವ ಉಪಾಯ ಬಂತು. ನನಗೆ ಇದೇ ಹೆಚ್ಚು ಜಾಣತನದ ದಾರಿ ಅನ್ನಿಸುತ್ತದೆ. ಒಂದೇ ಅಣು ಎಲ್ಲವನ್ನೂ ಮಾಡಬೇಕು ಅನ್ನುವ ಹಟ ಬಿಟ್ಟಾಗ ಆಯ್ಕೆಗಳು ಜಾಸ್ತಿಯಾಗುತ್ತವೆ.

ದಕ್ಷತೆ ಏರಿದರೆ ಆಯಸ್ಸೂ ಏರುತ್ತದೆ ಎಂಬುದನ್ನು ಮರೆಯಬೇಡಿ. ಅದೇ ಬೆಳಕಿಗೆ ಕಡಿಮೆ ಕರೆಂಟ್ ಸಾಕು. ಹೊಳಪು ಅರ್ಧಕ್ಕೆ ಇಳಿಸಿದರೆ ಆಯಸ್ಸು ಎರಡು ಪಟ್ಟಲ್ಲ, ಸಾಮಾನ್ಯವಾಗಿ ಮೂರು-ನಾಲ್ಕು ಪಟ್ಟು ಆಗುತ್ತದೆ. ಎರಡು ದೀಪಗಳನ್ನು ಒಂದರ ಮೇಲೊಂದು ಇಟ್ಟ ಟ್ಯಾಂಡೆಮ್ ಪರದೆಗಳ ಗುಟ್ಟೂ ಇದೇ.

ಪ್ರಶ್ನೆ: ಡ್ಯೂಟೀರಿಯಂ ಹಾಕಿದ ಓಎಲ್‌ಇಡಿ ಎಂಬುದು ಬರೀ ಜಾಹೀರಾತಿನ ಮಾತೇ?

ಉತ್ತರ: ಅಲ್ಲ. ಹೈಡ್ರೋಜನ್ ಜಾಗಕ್ಕೆ ಅದರದೇ ಎರಡರಷ್ಟು ಭಾರದ ರೂಪವಾದ ಡ್ಯೂಟೀರಿಯಂ ಹಾಕಿದರೆ ಬಂಧದ ಕಂಪನ ನಿಧಾನವಾಗಿ, ಮುರಿಯುವುದು ಕಷ್ಟವಾಗುತ್ತದೆ. ಬಣ್ಣ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಖರ್ಚು ಮಾತ್ರ ಜಾಸ್ತಿ.

ಪ್ರಶ್ನೆ: ರಸಾಯನಶಾಸ್ತ್ರ ಓದುತ್ತಿದ್ದೇನೆ. ಹೊಸ ಬೆಳಕಿನ ಅಣು ಕಂಡುಹಿಡಿದರೆ ಎಲ್ಲ ಸರಿಹೋಗುತ್ತದೆಯೇ?

ಉತ್ತರ: ಎಲ್ಲರ ಕಣ್ಣೂ ಅದರ ಮೇಲೇ! ಅದನ್ನು ಹೊತ್ತಿರುವ ಹೋಸ್ಟ್ ಅಣು, ಚಾರ್ಜ್ ಸಾಗಿಸುವ ಪದರ, ಇವು ಕೆಟ್ಟರೂ ದೀಪ ಹೋದಂತೆಯೇ. ಮೊದಲ ದಿನಗಳಲ್ಲಿ ಚಾರ್ಜ್ ಸಾಗಿಸಲು ಬಳಸುತ್ತಿದ್ದ ಟಿಪಿಡಿ ಎಂಬ ವಸ್ತು 60 ಡಿಗ್ರಿ ಚಿಲ್ಲರೆಗೇ ಮೆತ್ತಗಾಗಿ ಹರಳುಗಟ್ಟುತ್ತಿತ್ತು. ಸೊಟ್ಟಂಬಟ್ಟ, ದಪ್ಪ ಆಕಾರದ ಅಣುಗಳು ಬಂದದ್ದು ಅದಕ್ಕೇ, ಅವು ಸಾಲಾಗಿ ಜೋಡಿಸಿಕೊಳ್ಳಲಾರವು. ಶುದ್ಧತೆಯೂ ಅಷ್ಟೇ ಮುಖ್ಯ. ತಯಾರಿಕೆಯಲ್ಲಿ ಉಳಿದ ಚೂರುಪಾರು ಬ್ರೋಮಿನ್, ಕ್ಲೋರಿನ್ ಸಾಕು ಆಯಸ್ಸು ಕುಸಿಯಲು, ಹಾಗಾಗಿ ವಸ್ತುವನ್ನು ನಿರ್ವಾತದಲ್ಲಿ ಆವಿ ಮಾಡಿ ಮತ್ತೆ ಮತ್ತೆ ಶುದ್ಧ ಮಾಡುತ್ತಾರೆ. ನೀರಿನ ಹನಿಯಂತೂ ಕಡು ವೈರಿ.

ಪ್ರಶ್ನೆ: ಬಿದ್ದ ನೆರಳನ್ನು ಅಳಿಸಲು ಆಗುತ್ತದೆಯೇ?

ಉತ್ತರ: ಮುರಿದ ಬಂಧ ಮತ್ತೆ ಕೂಡುವುದಿಲ್ಲ. ಟಿವಿಗಳಲ್ಲಿ ಇರುವ ಸರಿಪಡಿಸುವ ಆಯ್ಕೆ ಸುಸ್ತಾದ ಪಿಕ್ಸೆಲ್‌ಗೆ ಸ್ವಲ್ಪ ಜಾಸ್ತಿ ಕರೆಂಟ್ ಕೊಟ್ಟೋ, ಉಳಿದವನ್ನು ತಗ್ಗಿಸಿಯೋ ವ್ಯತ್ಯಾಸ ಮರೆಮಾಚುತ್ತದೆ. ಹೊಳಪು ಇಳಿಸಿ, ಡಾರ್ಕ್ ಮೋಡ್ ಹಾಕಿ. ಪೂರ್ತಿ ಕಪ್ಪು ಇರುವ ಕಡೆ ಪಿಕ್ಸೆಲ್ ಆರಿರುತ್ತದೆ, ಆರಿದ್ದು ಸವೆಯುವುದಿಲ್ಲ.